ಇಂಟರ್, ಪಿಯುಸಿ, ಪ್ಲಸ್ ಟು: ಯಾರಿಗೂ ಬೇಡವಾದ ಎರಡು ವರ್ಷಗಳ ಕಥೆ

ಈ ವಾರದ ಮಾತು ಪಿಯುಸಿ ಬಗ್ಗೆ. ಕ್ಯಾಬ್‌ನಲ್ಲಿ, ಮೆಟ್ರೋದಲ್ಲಿ ಕೂತು ಓದೋರಿಗೆ ಅನುಕೂಲ ಆಗಲಿ ಅಂತ ಎಂದಿನಂತೆ ಬರಹ ರೂಪದಲ್ಲೂ ಹಾಕ್ತಾ ಇದ್ದೀನಿ. ವಿಡಿಯೋದಲ್ಲಿ ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯಗಳೂ ಇಲ್ಲಿ ಸೇರಿವೆ.

ಹೊಸ ಕಂಪನಿಗೆ ಸೇರುವಾಗ ತುಂಬುವ ಫಾರ್ಮ್ ನೆನಪಿಸಿಕೊಳ್ಳಿ. ಹತ್ತನೇ ತರಗತಿಗೂ ಡಿಗ್ರಿಗೂ ನಡುವೆ ಒಂದು ಕಾಲಂ ಇರುತ್ತೆ. ಇಲ್ಲಿ ಹೈದರಾಬಾದಿನಲ್ಲಿ ನನ್ನ ಪಕ್ಕದ ಸೀಟಿನವನು ಅದಕ್ಕೆ ‘ಇಂಟರ್’ ಅಂತಾನೆ. ಚೆನ್ನೈನವಳು ‘ಪ್ಲಸ್ ಟು’ ಅಂತಾಳೆ. ಪುಣೆಯವನಿಗೆ ಅದು ‘ಬಾರಾವಿ’, ಓದಿದ್ದು ಜೂನಿಯರ್ ಕಾಲೇಜಿನಲ್ಲಿ. ಸ್ವಲ್ಪ ವಯಸ್ಸಾದ ಮಲಯಾಳಿ ಮ್ಯಾನೇಜರ್ ಆದರೆ ‘ಪ್ರಿ ಡಿಗ್ರಿ’. ನಾವು ಪಿಯುಸಿ ಅಂದರೆ ದೆಹಲಿ ಕಡೆಯವರು ಒಂದು ಕ್ಷಣ ಮುಖ ನೋಡ್ತಾರೆ, ವಾಹನದ ಹೊಗೆ ತಪಾಸಣೆಯ ಸರ್ಟಿಫಿಕೇಟಿಗೂ ಅದೇ ಹೆಸರಲ್ವಾ!

ಎರಡೇ ವರ್ಷದ ಓದಿಗೆ ಇಷ್ಟೊಂದು ಹೆಸರು ಯಾಕೆ? ಇದನ್ನ ಹುಡುಕ್ತಾ ಹೋದಾಗ ನನಗೆ ಸಿಕ್ಕ ಉತ್ತರ ಇಷ್ಟು: ಈ ವರ್ಷಗಳು ಶಾಲೆಗೆ ಸೇರಿದ್ದೋ ವಿಶ್ವವಿದ್ಯಾಲಯಕ್ಕೆ ಸೇರಿದ್ದೋ ಅಂತ ನೂರು ವರ್ಷ ಜಗ್ಗಾಟ ನಡೆದಿದೆ. ಪ್ರತಿ ಹೆಸರೂ ಆ ಜಗ್ಗಾಟದ ಒಂದೊಂದು ಘಟ್ಟದಲ್ಲಿ ಅಂಟಿಕೊಂಡು ಉಳಿದದ್ದು.

ಶುರು ಮಾಡೋಣ. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸ್ ವಿಶ್ವವಿದ್ಯಾಲಯಗಳು ಹುಟ್ಟಿದವು. ಮೆಟ್ರಿಕ್ಯುಲೇಷನ್ ಪಾಸಾದರೆ ಕಾಲೇಜಿಗೆ ಪ್ರವೇಶ. ಬಂದ ಹುಡುಗರು ಡಿಗ್ರಿ ಪಾಠಕ್ಕೆ ತಯಾರಿರುತ್ತಿರಲಿಲ್ಲ, ಮುಖ್ಯವಾಗಿ ಇಂಗ್ಲಿಷಿನಲ್ಲಿ. ಹಾಗಾಗಿ ಬಿ.ಎ.ಗೆ ಮೊದಲು ಎರಡು ವರ್ಷದ ಒಂದು ಮೆಟ್ಟಿಲು ಬಂತು: ಫಸ್ಟ್ ಆರ್ಟ್ಸ್, ಅಂದರೆ ಎಫ್.ಎ. ಅಡಿಪಾಯ ಹಾಕೋದು ಉದ್ದೇಶ. ಎಲ್ಲರೂ ಎಲ್ಲ ವಿಷಯ ಓದಬೇಕು, ಎಲ್ಲದರಲ್ಲೂ ಪಾಸಾಗಬೇಕು.

ಈ ಮೆಟ್ಟಿಲಲ್ಲಿ ಎಡವಿದವರಲ್ಲಿ ಅತಿ ಪ್ರಸಿದ್ಧರು ಶ್ರೀನಿವಾಸ ರಾಮಾನುಜನ್. ಕುಂಭಕೋಣದ ಸರಕಾರಿ ಕಾಲೇಜಿನಲ್ಲಿ ಇಂಗ್ಲಿಷಿನಿಂದಾಗಿ ಸ್ಕಾಲರ್‌ಶಿಪ್ ಕಳೆದುಕೊಂಡರು. ಆಮೇಲೆ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿ 1906ರಲ್ಲೊಮ್ಮೆ, 1907ರಲ್ಲೊಮ್ಮೆ ಎಫ್.ಎ. ಫೇಲಾದರು. ಗಣಿತ ಬಿಟ್ಟು ಬೇರೆ ವಿಷಯಗಳು ಕೈಕೊಟ್ಟವು. ಇದನ್ನ ಪ್ರತಿಭಾವಂತನ ವಿಚಿತ್ರ ಕಥೆ ಅಂತ ಹೇಳೋ ರೂಢಿ ಇದೆ. ನನಗೆ ಅದರಲ್ಲಿ ಕಾಣೋದು ಬೇರೆ. ಕಾಲೇಜಿಗೆ ಸಜ್ಜು ಮಾಡಬೇಕಿದ್ದ ಕೋರ್ಸು ಐವತ್ತೇ ವರ್ಷದಲ್ಲಿ ಜರಡಿ ಹಿಡಿಯೋ ಕೆಲಸಕ್ಕೆ ನಿಂತಿತ್ತು.

ಈಗ ನಮ್ಮ ಮೈಸೂರಿಗೆ ಬನ್ನಿ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ವಿಶ್ವವಿದ್ಯಾಲಯ ಶುರುವಾಯ್ತು. ಹೊಸ ಸಂಸ್ಥೆಗೆ ಒಂದು ಅನುಕೂಲ ಇರುತ್ತೆ, ನಮ್ಮ ಭಾಷೆಯಲ್ಲಿ ಹೇಳೋದಾದರೆ ಲೆಗಸಿ ಕೋಡ್ ಇರಲ್ಲ. ಮದ್ರಾಸಿನ ಎರಡು ವರ್ಷದ ಇಂಟರ್‌ಮೀಡಿಯಟ್ಟನ್ನ (ಎಫ್.ಎ.ಗೆ ಅಷ್ಟರಲ್ಲಿ ಬಂದಿದ್ದ ಹೊಸ ಹೆಸರು) ಹಾಗೇ ತರಲಿಲ್ಲ. ಡಿಗ್ರಿಯನ್ನ ಮೂರು ವರ್ಷ ಮಾಡಿದರು. ಅದಕ್ಕೆ ಮೊದಲು ಒಂದು ವರ್ಷದ ‘ಎಂಟ್ರನ್ಸ್’ ತರಗತಿ. ಅದು ನಡೀತಿದ್ದುದು ಕಾಲೇಜಿನಲ್ಲಲ್ಲ, ಆಯ್ದ ಹೈಸ್ಕೂಲುಗಳಲ್ಲಿ. ಅವಕ್ಕೆ ‘ಕಾಲೇಜಿಯೇಟ್ ಹೈಸ್ಕೂಲ್’ ಅಂತ ಹೆಸರು. ಹೆಸರೇ ನೋಡಿ, ಅರ್ಧ ಕಾಲೇಜು, ಅರ್ಧ ಶಾಲೆ.

ಮೈಸೂರಿನ ಮಹಾರಾಜ ಕಾಲೇಜಿಯೇಟ್ ಹೈಸ್ಕೂಲಿಗೆ ಹೆಡ್‌ಮಾಸ್ಟರ್ ಆಗಿದ್ದವರು ಆರ್.ಕೆ. ನಾರಾಯಣ್ ಅವರ ತಂದೆ. ಮಗ ಆ ಎಂಟ್ರನ್ಸ್ ಪರೀಕ್ಷೆಯಲ್ಲಿ ಫೇಲು! ಒಂದು ವರ್ಷ ಮನೇಲಿ ಕೂತು ಕೈಗೆ ಸಿಕ್ಕಿದ್ದನ್ನೆಲ್ಲ ಓದಿ, 1926ರಲ್ಲಿ ಪಾಸಾಗಿ ಮಹಾರಾಜ ಕಾಲೇಜು ಸೇರಿದರು. ಡಿಗ್ರಿ ಮುಗಿಸೋಕೆ ಮೂರರ ಬದಲು ನಾಲ್ಕು ವರ್ಷ ತಗೊಂಡರು. ಮಾಲ್ಗುಡಿಯ ಲೇಖಕರ ನಿಜವಾದ ಫೌಂಡೇಶನ್ ಕೋರ್ಸು ಆ ಫೇಲಾದ ವರ್ಷವೇ ಅಂತ ನನ್ನ ಗುಮಾನಿ.

ಮೈಸೂರು ಹೀಗೆ ತನ್ನ ದಾರಿ ಹಿಡಿದ ಮರುವರ್ಷ, 1917ರಲ್ಲಿ, ಕಲ್ಕತ್ತಾದಲ್ಲಿ ಮೈಕೆಲ್ ಸ್ಯಾಡ್ಲರ್ ನೇತೃತ್ವದ ಆಯೋಗ ಕೂತಿತು. ಅದರ ವರದಿ 13 ಸಂಪುಟ. ಅದರಲ್ಲಿ ನಮಗೆ ಬೇಕಾದ ಮಾತು ಒಂದೇ: ವಿಶ್ವವಿದ್ಯಾಲಯಗಳು ಮೊದಲ ಎರಡು ವರ್ಷ ಮಾಡ್ತಿರೋದು ಶಾಲೆಯ ಕೆಲಸ, ಅದನ್ನ ಬೇರೆ ಕಾಲೇಜುಗಳಿಗೆ, ಬೇರೆ ಬೋರ್ಡಿಗೆ ಕೊಡಿ, ಡಿಗ್ರಿ ಮೂರು ವರ್ಷ ಇರಲಿ. ಉತ್ತರ ಪ್ರದೇಶದ ಹೈಸ್ಕೂಲ್ ಮತ್ತು ಇಂಟರ್‌ಮೀಡಿಯಟ್ ಬೋರ್ಡ್ 1921ರಲ್ಲಿ ಹುಟ್ಟಿದ್ದು ಈ ಗಾಳಿಯಲ್ಲೇ. ತಮಾಷೆ ಏನಂದರೆ, ಮೂರು ವರ್ಷದ ಡಿಗ್ರಿ ಮೊದಲೇ ಮಾಡಿಕೊಂಡಿದ್ದ ಮೈಸೂರು ಮುಂದೆ ಸುತ್ತಲಿನವರ ಜೊತೆ ಹೊಂದಿಕೊಂಡು ಇಂಟರ್‌ಮೀಡಿಯಟ್ಟಿಗೇ ವಾಪಸ್ ಹೋಯ್ತು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜು 1940ರಲ್ಲಿ ಶುರುವಾಗಿದ್ದು ಇಂಟರ್‌ಮೀಡಿಯಟ್ ಕಾಲೇಜಾಗಿ.

ಇನ್ನು ನಾನಿರೋ ಊರಿನ ಕಥೆ. ನಾನು ರಾಯಚೂರು ಜಿಲ್ಲೆಯವನು. ಹಾಗಾಗಿ ಉಸ್ಮಾನಿಯಾ ವಿಶ್ವವಿದ್ಯಾಲಯ ನನಗೆ ಬರೀ ಒಂದು ಹೆಸರಲ್ಲ. ನಮ್ಮ ಕಡೆ 1948ಕ್ಕೆ ಮೊದಲು ಕಾಲೇಜು ಓದಬೇಕು ಅಂದ್ರೆ ಬಹುತೇಕ ಇಲ್ಲಿಗೇ ಬರಬೇಕಿತ್ತು. ಕಲಬುರಗಿಯಲ್ಲಿ ಇದಕ್ಕೆ ಸೇರಿದ ಒಂದು ಇಂಟರ್‌ಮೀಡಿಯಟ್ ಕಾಲೇಜು ಇತ್ತು. ಮುಂದಿನದಕ್ಕೆ ರೈಲು ಹತ್ತಿ ಹೈದರಾಬಾದು.

ಉಸ್ಮಾನಿಯಾ 1918ರಲ್ಲಿ ಸ್ಥಾಪನೆಯಾದಾಗ ಅಲ್ಲಿ ಮಾಧ್ಯಮ ಉರ್ದು. ಇಂಗ್ಲಿಷ್ ಒಂದು ಕಡ್ಡಾಯ ಭಾಷೆ ಮಾತ್ರ. ಆದರೆ ಉರ್ದುವಿನಲ್ಲಿ ಭೌತಶಾಸ್ತ್ರದ ಪಠ್ಯ ಎಲ್ಲಿತ್ತು? ಅದಕ್ಕೇ ಒಂದು ವರ್ಷ ಮೊದಲು, 1917ರಲ್ಲಿ, ಅನುವಾದ ಇಲಾಖೆ ತೆರೆದರು. ‘ದಾರುಲ್ ತರ್ಜುಮಾ’ ಅಂತ. ಮೌಲ್ವಿ ಅಬ್ದುಲ್ ಹಕ್ ಅದರ ಮುಖ್ಯಸ್ಥರು. ಪಾರಿಭಾಷಿಕ ಪದ ಕಟ್ಟೋಕೆ ಸಮಿತಿಗಳು, ಒಬ್ಬೊಬ್ಬ ವಿಷಯತಜ್ಞನ ಜೊತೆ ಭಾಷಾತಜ್ಞರು. ಮೊದಲು ಕೈಗೆತ್ತಿಕೊಂಡದ್ದು ಇಂಟರ್‌ಮೀಡಿಯಟ್ ಪುಸ್ತಕಗಳನ್ನು. 1919ರಲ್ಲಿ ಪಾಠ ಶುರುವಾಗಿದ್ದೂ ಆ ತರಗತಿಯಿಂದಲೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹುಡುಗರು ಎಡವುವ ಜಾಗ ಯಾವುದು ಅಂತ ಗುರುತಿಸಿ, ತರಗತಿ ತೆರೆಯೋಕೆ ಮೊದಲೇ ಅಲ್ಲಿಗೆ ಪುಸ್ತಕ ತಯಾರು ಮಾಡಿದ ಇನ್ನೊಂದು ಉದಾಹರಣೆ ನಮ್ಮ ಸುತ್ತಮುತ್ತ ನನಗೆ ಸಿಕ್ಕಿಲ್ಲ. ಕೆಲಸ ಅಷ್ಟು ಶ್ರದ್ಧೆಯದು. ಆದರೆ ಯಾರಿಗೆ? ನಿಜಾಮರ ರಾಜ್ಯದಲ್ಲಿ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ಕಲಬುರಗಿಯ ಕನ್ನಡದ ಹುಡುಗನಿಗೆ ಉರ್ದುವೂ ಕಲಿತು ದಾಟಬೇಕಾದ ಭಾಷೆಯೇ. ಚೆಂದದ ಸೇತುವೆ ಕಟ್ಟಿದರು, ಅದು ನಮ್ಮ ದಡಕ್ಕೆ ಮುಟ್ಟಲಿಲ್ಲ. 1948ರ ನಂತರ ಮಾಧ್ಯಮ ಇಂಗ್ಲಿಷಿಗೆ ಬದಲಾಯ್ತು, ಆ ಪುಸ್ತಕಗಳು ಕಪಾಟು ಸೇರಿದವು.

ಸ್ವಾತಂತ್ರ್ಯದ ನಂತರದ್ದು ಬೇಗ ಹೇಳಿ ಮುಗಿಸ್ತೀನಿ. 1948-49ರ ರಾಧಾಕೃಷ್ಣನ್ ಆಯೋಗ 12 ವರ್ಷದ ಓದು ಮುಗಿಸಿದ ಮೇಲೆ ವಿಶ್ವವಿದ್ಯಾಲಯ ಅಂದಿತು. 1952-53ರ ಮೊದಲಿಯಾರ್ ಆಯೋಗ ಇಂಟರ್‌ಮೀಡಿಯಟ್ಟನ್ನ ಒಡೆದು ಒಂದು ವರ್ಷ ಹೈಸ್ಕೂಲಿಗೆ, ಒಂದು ವರ್ಷ ಡಿಗ್ರಿಗೆ ಹಂಚಿ ಅಂದಿತು. ಆ ಹೆಚ್ಚುವರಿ ವರ್ಷ ಇಲ್ಲದ ಹೈಸ್ಕೂಲುಗಳಿಂದ ಬರುವವರಿಗೆ ತಾತ್ಕಾಲಿಕವಾಗಿ ಒಂದು ವರ್ಷದ ‘ಪ್ರಿ ಯೂನಿವರ್ಸಿಟಿ ಕೋರ್ಸ್’. ನಮ್ಮ ಪಿಯುಸಿ ಹುಟ್ಟಿದ್ದು ಹೀಗೆ, ಟೆಂಪರರಿ ಫಿಕ್ಸ್ ಆಗಿ. ಪ್ರೊಡಕ್ಷನ್‌ನಲ್ಲಿ ತಾತ್ಕಾಲಿಕ ಅಂತ ಹಾಕಿದ್ದು ಎಷ್ಟು ವರ್ಷ ಉಳಿಯುತ್ತೆ ಅಂತ ನಿಮಗೆ ನಾನು ಹೇಳಬೇಕಿಲ್ಲ. 1964-66ರ ಕೊಠಾರಿ ಆಯೋಗದ ನಂತರ 10+2+3 ಬಂತು. ಆಂಧ್ರದವರು 1971ರಲ್ಲಿ ಬೋರ್ಡ್ ಮಾಡಿ ‘ಇಂಟರ್’ ಅನ್ನೋ ಹಳೇ ಹೆಸರು ಇಟ್ಟುಕೊಂಡರು. ಮಹಾರಾಷ್ಟ್ರದಲ್ಲಿ 1975ರ ಹೊತ್ತಿಗೆ ಜೂನಿಯರ್ ಕಾಲೇಜು. ತಮಿಳುನಾಡು 1978ರಲ್ಲಿ ಇದನ್ನ ಶಾಲೆಗೇ ಸೇರಿಸಿ ಪ್ಲಸ್ ಟು ಅಂದಿತು. ನಾವು 70ರ ದಶಕದಲ್ಲಿ ಎರಡು ವರ್ಷ ಮಾಡಿದೆವು, ಹೆಸರು ಬದಲಿಸಲಿಲ್ಲ. ಯೂನಿವರ್ಸಿಟಿಗೂ ಪಿಯುಸಿಗೂ ಈಗ ಸಂಬಂಧ ಉಳಿದಿರೋದು ಆ ಹೆಸರಿನಲ್ಲಿ ಮಾತ್ರ.

ಗಮನಿಸಿದಿರಾ? ಆಯೋಗಗಳೆಲ್ಲ ಹೆಚ್ಚಾಗಿ ಎಣಿಸಿದ್ದು ವರ್ಷಗಳನ್ನ. ಒಂದು ಇಲ್ಲಿಗೆ, ಒಂದು ಅಲ್ಲಿಗೆ. ಆ ವರ್ಷದ ಮೊದಲ ದಿನ ಬೆಂಚಿನ ಮೇಲೆ ಕೂತವನಿಗೆ ಏನು ಕಷ್ಟ ಅನ್ನೋದು ಲೆಕ್ಕದಲ್ಲಿ ಹಿಂದೆ ಬಿತ್ತು.

ನನ್ನ ಕ್ಲಾಸಿನ ಮಾತು ಹೇಳ್ತೀನಿ. ನಾವು ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮ. ಜವ ಬೇರೆ, ವೇಗ ಬೇರೆ ಅಂತ ಗೊತ್ತು. ವೇಗೋತ್ಕರ್ಷ, ಸಂವೇಗ, ಜಡತ್ವ, ಎಲ್ಲ ಬಾಯಿಪಾಠ ಅಲ್ಲ, ಅರ್ಥ ಆಗಿ ಗೊತ್ತು. ಪಿಯು ಸೈನ್ಸ್‌ಗೆ ಸೇರಿದ ಮೊದಲ ದಿನ ‘ಅಕ್ಸಿಲರೇಷನ್’, ‘ಮೊಮೆಂಟಮ್’, ‘ಇನರ್ಷಿಯಾ’. ಮೂರು ತಿಂಗಳ ಹಿಂದೆ ನಾವೇ ಲೆಕ್ಕ ಬಿಡಿಸಿದ್ದ ಪಾಠ, ಗುರುತೇ ಸಿಗಲಿಲ್ಲ. ಹೈಸ್ಕೂಲಿನಲ್ಲಿ ಗಣಿತಕ್ಕೆ ನಮಗಿಂತ ಮುಂದಿದ್ದ ಒಬ್ಬ ಗೆಳೆಯ ಎರಡು ತಿಂಗಳು ಕೂತು ಆರ್ಟ್ಸ್‌ಗೆ ಹೋದ. ಅವನಿಗೆ ಸೈನ್ಸ್ ಬರಲ್ಲ ಅಂತ ಊರಲ್ಲಿ ತೀರ್ಮಾನ ಆಯ್ತು.

ಕೆಮಿಸ್ಟ್ರಿ ಸರ್ ಒಬ್ಬರಿದ್ದರು. ದಿನಾ ಮೊದಲ ಹತ್ತು ನಿಮಿಷ ಬೋರ್ಡಿಗೆ ನಡುವೆ ಗೆರೆ ಎಳೆದು ಎಡಗಡೆ ಕನ್ನಡದ ಪದ, ಬಲಗಡೆ ಇಂಗ್ಲಿಷ್ ಪದ ಬರೀತಿದ್ದರು. ಸುಮಾರು ಮೂರು ವಾರ. ‘ಇದು ಸಿಲಬಸ್ಸಿನಾಗ ಇಲ್ರೋ, ಬರ್ಕೊಳ್ರಿ’ ಅನ್ನೋರು. ನಿಜ, ಸಿಲಬಸ್ಸಿನಲ್ಲಿ ಇರಲಿಲ್ಲ. ನಾನು ಮುಂದೆ ಎಂಟೆಕ್ ತನಕ ಬಂದಿದ್ದರಲ್ಲಿ ಆ ಮೂರು ವಾರದ ಪಾಲು ದೊಡ್ಡದು. ಅವರು ಮಾಡಿದ್ದು ದಾರುಲ್ ತರ್ಜುಮಾದ ಕೆಲಸವೇ ಅಂತ ಹೊಳೆದಿದ್ದು ಹೈದರಾಬಾದಿಗೆ ಬಂದು ಆ ಚರಿತ್ರೆ ಓದಿದ ಮೇಲೆ.

ಅಷ್ಟರಲ್ಲಿ ಪಿಯುಸಿಗೆ ಬೇರೆಯದೇ ಭಾರ ಬಿದ್ದಿತ್ತು. ಕ್ಯಾಪಿಟೇಶನ್ ಶುಲ್ಕದ ವಿರುದ್ಧ 1984ರ ಕಾಯ್ದೆ, 1992ರ ಮೋಹಿನಿ ಜೈನ್ ಪ್ರಕರಣ, 1993ರ ಉನ್ನಿಕೃಷ್ಣನ್ ಪ್ರಕರಣ ಇವೆಲ್ಲ ಆದ ಮೇಲೆ 1994ರಲ್ಲಿ ಕರ್ನಾಟಕದಲ್ಲಿ ಸಿಇಟಿಗೆ ಅಂತಲೇ ಒಂದು ಸರಕಾರಿ ಘಟಕ ಬಂತು. ದುಡ್ಡಿಲ್ಲದ ಮನೆಯವರಿಗೂ ಎಂಜಿನಿಯರಿಂಗ್ ಸೀಟು ಸಿಗೋ ಹಾಗಾಗಿದ್ದು ಇದರಿಂದ. ನಮ್ಮಲ್ಲಿ ಅನೇಕರು ಇವತ್ತು ಐಟಿಯಲ್ಲಿ ಇರೋದೇ ಅದರಿಂದ, ಅದನ್ನ ಅಲ್ಲಗಳೆಯೋ ಹಾಗಿಲ್ಲ. ಆದರೆ ಆವತ್ತಿಂದ ಆ ಎರಡು ವರ್ಷ ರ‍್ಯಾಂಕಿಗೆ ಮೀಸಲಾಯ್ತು. ತಯಾರಿ ಮಾಡಿಸೋದು ಕೋಚಿಂಗ್ ಸೆಂಟರಿನ ಕೆಲಸ ಆಯ್ತು. ಅವರು ಅದನ್ನ ಇನ್ನೂ ಕೆಳಕ್ಕೆ ಇಳಿಸಿದರು. ನಮ್ಮ ಅಪಾರ್ಟ್‌ಮೆಂಟಿನ ಎದುರಿನ ಬೋರ್ಡಿನಲ್ಲಿ ಆರನೇ ಕ್ಲಾಸಿನ ಮಕ್ಕಳಿಗೆ ‘ಐಐಟಿ ಫೌಂಡೇಶನ್’.

ಐಐಟಿಗಳ ಒಳಗೆ ಇರೋ ಪ್ರಿಪರೇಟರಿ ಕೋರ್ಸು ಮಾತ್ರ ಬೇರೆ ಥರದ್ದು. ಅದರ ಸುದ್ದಿ ಹೊರಗೆ ಯಾರೂ ಹೆಚ್ಚು ಆಡಲ್ಲ. ಪರಿಶಿಷ್ಟ ಜಾತಿ, ಪಂಗಡದ ಮತ್ತು ಅಂಗವಿಕಲ ವಿದ್ಯಾರ್ಥಿಗಳಲ್ಲಿ ಕಟ್ ಆಫ್‌ಗೆ ಸ್ವಲ್ಪದರಲ್ಲಿ ತಪ್ಪಿದವರನ್ನ ಒಂದು ವರ್ಷ ಕರೆದು ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಇಂಗ್ಲಿಷ್ ಕಲಿಸ್ತಾರೆ. ಆ ಕೋರ್ಸು ಪಾಸಾದರೆ ಜೆಇಇ ಮತ್ತೆ ಬರೆಯದೆ ಬಿಟೆಕ್‌ಗೆ ಸೇರಬಹುದು. ಸೇರಿಸಿಕೊಳ್ಳೋ ಸಂಸ್ಥೆಯೇ ತಯಾರಿಯ ಜವಾಬ್ದಾರಿ ಹೊರುತ್ತೆ ಇಲ್ಲಿ. ಇಂಗ್ಲಿಷ್ ಅಲ್ಲಿ ಸಿಲಬಸ್ಸಿನ ಭಾಗ, ಯಾರೋ ಒಬ್ಬ ಮೇಷ್ಟರ ಔದಾರ್ಯ ಅಲ್ಲ.

2022ರಲ್ಲಿ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ, ಪಿಯು ಪರೀಕ್ಷಾ ಮಂಡಳಿಗಳನ್ನ ಒಂದು ಮಾಡಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 9ರಿಂದ 12ನೇ ತರಗತಿಯನ್ನ ಒಂದೇ ಘಟ್ಟ ಅನ್ನುತ್ತೆ. ಅದರಲ್ಲಿ ‘ಫೌಂಡೇಶನಲ್’ ಅನ್ನೋ ಪದ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಹೋಗಿದೆ, ಅಂದ್ರೆ ಅಂಗನವಾಡಿಯಿಂದ ಎರಡನೇ ಕ್ಲಾಸಿನ ತನಕ. ಇತ್ತ ಎಂಜಿನಿಯರಿಂಗ್ ಮುಗಿಸಿದವರು ಇನ್ಫೋಸಿಸ್ ಸೇರಿದರೆ ಮೈಸೂರಿನ ಕ್ಯಾಂಪಸ್ಸಿನಲ್ಲಿ ತಿಂಗಳುಗಟ್ಟಲೆ ತರಬೇತಿ. ಅದರ ಹೆಸರೂ ‘ಫೌಂಡೇಶನ್ ಪ್ರೋಗ್ರಾಂ’. 1916ರ ಎಂಟ್ರನ್ಸ್ ತರಗತಿ ನಡೆದ ಊರಲ್ಲೇ, 16 ವರ್ಷ ಓದಿ ಬಂದವರಿಗೆ, ಮತ್ತೆ ಮೊದಲಿಂದ.

ನಿಮ್ಮಲ್ಲಿ ಕನ್ನಡ ಮಾಧ್ಯಮದಿಂದ ಸೈನ್ಸ್‌ಗೆ ಬಂದವರು ಎಷ್ಟು ಜನ ಇದ್ದೀರಿ? ಆ ಮೊದಲ ಎರಡು ತಿಂಗಳು ಹೇಗೆ ದಾಟಿದಿರಿ, ನಿಮಗೂ ಬೋರ್ಡಿಗೆ ಗೆರೆ ಎಳೆಯೋ ಸರ್ ಸಿಕ್ಕಿದ್ದರಾ? ಬರೀರಿ. ಹಳೇ ಬೊಂಬಾಯಿ ಪ್ರಾಂತ್ಯದ ಧಾರವಾಡದ ಕಡೆ ಇದೇ ಕಥೆ ಬೇರೆ ದಾರಿ ಹಿಡಿದಿತ್ತು, ಅದನ್ನ ಮುಂದಿನ ವಾರ ನೋಡೋಣ.