ಮುಖ ಬದಲಾದ ನಾಯಕ

ಅಭಿಮಾನ ಎಂಬ ಮಾತಿಗೆ ಪ್ರೀತಿ ಎಂಬ ಅರ್ಥವೂ ಉಂಟು. 'ಇದು ನನ್ನದು' ಎಂಬ ಹಮ್ಮಿನ ಅರ್ಥವೂ ಉಂಟು. ಇವೆರಡೂ ಹೇಗೆ ಹೆಣೆದುಕೊಂಡಿರುತ್ತವೆಂಬುದು ನನಗೆ ಮನದಟ್ಟಾದದ್ದು ಇಂಗ್ಲೆಂಡಿನ ಒಂದು ಟೆಲಿವಿಷನ್ ಕಥಾಮಾಲೆಯ ಚರಿತ್ರೆಯಿಂದ.

'ಡಾಕ್ಟರ್ ಹೂ' ಎಂಬ ಈ ವೈಜ್ಞಾನಿಕ ಕಥಾಮಾಲೆಯನ್ನು ಬಿ.ಬಿ.ಸಿ. ಸಂಸ್ಥೆಯವರು 1963ರ ನವೆಂಬರ್ 23ರಂದು ಆರಂಭಿಸಿದರು. ಕಾಲದಲ್ಲಿಯೂ ಆಕಾಶದಲ್ಲಿಯೂ ಸಂಚರಿಸುವ ವೃದ್ಧನೊಬ್ಬ ಇದರ ನಾಯಕ. ಆ ಪಾತ್ರವನ್ನು ವಹಿಸಿದವರು ವಿಲಿಯಂ ಹಾರ್ಟ್‌ನೆಲ್. ಮೂರು ವರ್ಷಗಳಲ್ಲಿ ಅವರ ಆರೋಗ್ಯ ಕುಗ್ಗಿತು. ನಾಯಕನಿಲ್ಲದೆ ಕಥೆ ಸಾಗುವುದೆಂತು? ನಿರ್ಮಾಪಕರು ಒಂದು ಉಪಾಯ ಹೂಡಿದರು. ಡಾಕ್ಟರನು ಭೂಲೋಕದವನಲ್ಲವಷ್ಟೆ, ಹಳೆಯ ಒಡಲು ಸವೆದಾಗ ಅವನು ಹೊಸದೊಂದನ್ನು ತಾಳಬಾರದೇಕೆ? 1966ರ ಅಕ್ಟೋಬರ್ 29ರಂದು ಹಾರ್ಟ್‌ನೆಲ್ಲರ ಮುಖ ಮರೆಯಾಗಿ ಪ್ಯಾಟ್ರಿಕ್ ಟ್ರೌಟನ್ನರ ಮುಖ ಮೂಡಿತು.

ಎಲ್ಲರೂ ಇದನ್ನು ಒಪ್ಪಲಿಲ್ಲ. ಬಿ.ಬಿ.ಸಿ.ಯವರು ಪ್ರೇಕ್ಷಕರ ಅಭಿಪ್ರಾಯ ಕೇಳಿದಾಗ, ಗಂಭೀರನಾದ ಮುದುಕನ ಸ್ಥಾನದಲ್ಲಿ ವಿದೂಷಕನನ್ನು ತಂದು ಕೂರಿಸಿದಿರೆಂದು ಕೆಲವರು ದೂರಿದರು. ಆದರೆ ಅಂದು ಅಪಚಾರವೆಂದು ತೋರಿದ ಆ ರೂಪಾಂತರವೇ ಕಥಾಮಾಲೆಯ ಬೆನ್ನೆಲುಬಾಯಿತು. ಮುಂದೆ ಹೊಸ ಮುಖ ಬಂದಾಗಲೆಲ್ಲ ಗೊಣಗಾಟವೂ ಬಂತು. 2017ರಲ್ಲಿ ಜೋಡಿ ವಿಟೇಕರ್ ಎಂಬ ನಟಿ ಆ ಪಾತ್ರಕ್ಕೆ ಆಯ್ಕೆಯಾದಾಗ, ನಾಯಕನು ಹೆಣ್ಣಾಗುವುದುಂಟೇ ಎಂದು ಕೆಲವರು ಸಿಡಿದರು. ಇದಕ್ಕಾಗಿಯೇ ಕಾದಿದ್ದೆವೆಂದು ಹಲವರು ಹಿಗ್ಗಿದರು.

ಇಷ್ಟನ್ನೇ ನೋಡಿದರೆ ಅಭಿಮಾನಿಗಳದು ಬರಿಯ ಹಟವೆನಿಸೀತು. ಆದರೆ ಚರಿತ್ರೆಯಲ್ಲಿ ಇನ್ನೊಂದು ಪುಟವಿದೆ. ಟ್ರೌಟನ್ನರ ಮೊದಲನೆಯ ಕಥೆ 'ದಿ ಪವರ್ ಆಫ್ ದಿ ಡಾಲೆಕ್ಸ್' ಆರು ಕಂತುಗಳದು. ಆ ಕಾಲದಲ್ಲಿ ಟೇಪು ದುಬಾರಿ. ಹಳೆಯದನ್ನು ಅಳಿಸಿ ಮತ್ತೆ ಬಳಸುವುದು ವಾಡಿಕೆ. ಬಿ.ಬಿ.ಸಿ.ಯವರು ಈ ಆರೂ ಕಂತುಗಳನ್ನು ಅಳಿಸಿಬಿಟ್ಟರು. ಆದರೆ ಪ್ರಸಾರದ ದಿನಗಳಲ್ಲೇ ಕೆಲವು ಅಭಿಮಾನಿಗಳು ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಧ್ವನಿಯನ್ನು ಹಿಡಿದಿಟ್ಟಿದ್ದರು. ಅರ್ಧ ಶತಮಾನದ ತರುವಾಯ, 2016ರಲ್ಲಿ, ಆ ಧ್ವನಿಗೆ ಚಲಿಸುವ ಚಿತ್ರಗಳನ್ನು ಬರೆದು ಜೋಡಿಸಿ ಕಥೆಯನ್ನು ಮತ್ತೆ ತೋರಿಸಿದರು.

ಒಡೆಯರು ಅಳಿಸಿದ್ದನ್ನು ಉಳಿಸಿದವರು ಒಡೆತನವಿಲ್ಲದವರು. 'ಇದು ನನ್ನದು' ಎಂಬ ಭಾವವಿಲ್ಲದಿದ್ದರೆ ಅವರು ಆ ಶ್ರಮವನ್ನು ಏಕೆ ಪಡುತ್ತಿದ್ದರು? ಬದಲಾವಣೆ ಕಂಡು ಮುನಿಯುವುದೂ ಅದೇ ಭಾವ. ಆದ್ದರಿಂದ ಅಭಿಮಾನಿಗಳ ಮುನಿಸನ್ನು ಕೇಳಿದಾಗ ನನಗೆ ಈಗ ನಗು ಬರುವುದಿಲ್ಲ. ಕಥೆ ಬದಲಾಗದೆ ಬದುಕಲಾರದು, ನಿಜ; ಅದು ತನ್ನದೆಂದು ಜಗಳವಾಡುವವರಿಲ್ಲದೆಯೂ ಬದುಕಲಾರದು.