ಸುರ್ಮಾದ ಬೂದು ಬಣ್ಣ

ಬೂದು, ನಸುಗಪ್ಪು, ಕಂದುಬೂದು ಎಂದು ಕಣ್ಣಿನ ರೆಪ್ಪೆಗೆ ಹಚ್ಚುವ ಬಣ್ಣಗಳ ಪುಟ್ಟ ಪೆಟ್ಟಿಗೆಯನ್ನು ಅಂಗಡಿಯವರು 'ಪ್ಯಾಲೆಟ್' ಎನ್ನುತ್ತಾರೆ. ನಾವು ಇದನ್ನು ಹೊಸ ಕಾಲದ ಶೋಕಿ ಎಂದುಕೊಂಡಿದ್ದೇವೆ. ಆದರೆ ಐದು ಸಾವಿರ ವರ್ಷಗಳ ಹಿಂದೆಯೇ ಈಜಿಪ್ಟಿನವರು ಕಣ್ಣಿನ ಬಣ್ಣವನ್ನು ಕಲ್ಲಿನ ಹಲಗೆಯ ಮೇಲೆ ಅರೆಯುತ್ತಿದ್ದರು. ಆ ಹಲಗೆಗೂ ಇತಿಹಾಸಕಾರರು ಪ್ಯಾಲೆಟ್ ಎಂದೇ ಹೆಸರಿಟ್ಟಿದ್ದಾರೆ. ದೊರೆ ನಾರ್ಮೆರ್‌ನ ಹಲಗೆಯಲ್ಲಿ ಎರಡು ವಿಚಿತ್ರ ಮೃಗಗಳ ಉದ್ದನೆಯ ಕತ್ತುಗಳು ಹೆಣೆದುಕೊಂಡು, ನಡುವೆ ಬಣ್ಣ ಅರೆಯುವ ಗುಳಿಯಿದೆ. ಸುತ್ತಲೂ ಅವನ ವಿಜಯದ ಚಿತ್ರಗಳು. ಶೃಂಗಾರದ ಸಾಧನವೇ ಅರಸನ ಶಾಸನವಾಯಿತು!

ಮೊದಲು ಹಸಿರು ಮ್ಯಾಲಕೈಟ್ ಹೆಚ್ಚು ಬಳಕೆಯಲ್ಲಿತ್ತು. ನಂತರ ಸೀಸದ ಅದಿರಾದ ಗೆಲೀನಾ ಮೇಲುಗೈ ಪಡೆಯಿತು. ಅರೆದರೆ ಅದು ತಣ್ಣನೆಯ ಕಡು ಬೂದು. ಅರಬರ ಕುಹ್ಲ್, ನಮ್ಮ ಮನೆಗಳ ಸುರ್ಮಾ ಇದೇ ವಂಶದವು. ಆಲ್ಕೋಹಾಲ್ ಎಂಬ ಪದದ ಮೂಲವೂ 'ಅಲ್-ಕುಹ್ಲ್' ಎಂದರೆ ಯಾರಿಗಾದರೂ ನಗು ಬಂದೀತು.

1999ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಲೂವ್ರ್ ಸಂಗ್ರಹಾಲಯದ ಈಜಿಪ್ಟ್ ಭರಣಿಗಳ ಪುಡಿಯನ್ನು ಪರೀಕ್ಷಿಸಿದ ವರದಿ ಪ್ರಕಟವಾಯಿತು. ಗೆಲೀನಾದ ಜೊತೆಗೆ ಮನುಷ್ಯರೇ ತಯಾರಿಸಿದ ಸೀಸದ ಲವಣಗಳೂ ಅದರಲ್ಲಿದ್ದವು. ಅವು ಕಣ್ಣಿನ ಔಷಧಿಯೂ ಆಗಿದ್ದವು ಎಂಬ ವಾದವಿದೆ. ಅದನ್ನೇ ಹಿಡಿದು ಸುರ್ಮಾ ನಿರಪಾಯ ಎನ್ನುವವರು ನಮ್ಮಲ್ಲಿದ್ದಾರೆ. ನಮಗೆ ಇದು ಒಪ್ಪಿಗೆಯಿಲ್ಲ. ಎಷ್ಟು ಅಲ್ಪವಾದರೂ ಸೀಸ ಮಕ್ಕಳ ಮಿದುಳಿಗೆ ಕೆಟ್ಟದ್ದು. ಅಮೆರಿಕದಲ್ಲಿ ಇಂಥ ಸುರ್ಮಾ ಮಾರಲು ಅನುಮತಿಯೇ ಇಲ್ಲ.

ಹದೀಸ್‌ಗಳಲ್ಲಿ ಪ್ರಶಂಸೆ ಪಡೆದದ್ದು 'ಇಸ್ಮಿದ್'. ಅದನ್ನು ಸಾಮಾನ್ಯವಾಗಿ ಆಂಟಿಮನಿ ಎಂದು ಅರ್ಥೈಸುತ್ತಾರೆ. ಆಂಟಿಮನಿಯ ಅದಿರೂ ಗೆಲೀನಾದಂತೆಯೇ ಹೊಳೆಯುವ ಬೂದು. ಸುನ್ನತ್ ಎಂಬ ಶ್ರದ್ಧೆಯಿಂದ ಹಸುಗೂಸಿನ ಕಣ್ಣಿಗೆ ಸಲಾಕೆ ಎಳೆಯುವ ನಾವು, ಶೀಶೆಯಲ್ಲಿರುವುದು ಈ ಎರಡರಲ್ಲಿ ಯಾವುದು ಎಂದು ಅಂಗಡಿಯವನನ್ನು ಕೇಳುವುದೇ ಇಲ್ಲ.