ಹಳೆಯ ದೂರವಾಣಿ ತಂತಿಯಲ್ಲಿ ಮನೆಯ ಗಣಕ ಜಾಲ

ಶಿಕಾರಿಪುರ ಮತ್ತು ಸೊರಬ ತಾಲೂಕುಗಳ ಅನೇಕ ಮನೆಗಳಲ್ಲಿ ಸ್ಥಿರ ದೂರವಾಣಿಯ ಗಂಟೆ ಬಾರಿಸದೆ ವರ್ಷಗಳೇ ಸಂದಿವೆ. ಆದರೆ 08187 ಮತ್ತು 08184 ಸಂಕೇತದ ಆ ದೂರವಾಣಿಗಳಿಗಾಗಿ ಜಗಲಿಯಿಂದ ನಡುಮನೆಗೆ, ಅಲ್ಲಿಂದ ಮಹಡಿಗೆ ಎಳೆದ ತಾಮ್ರದ ತಂತಿ ಗೋಡೆಯಲ್ಲೇ ಉಳಿದಿದೆ. ಮನೆಯೊಳಗಿನ ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸಲು ಇದೇ ತಂತಿಯನ್ನು ಬಳಸಿಕೊಳ್ಳಬಹುದು. ಆದರೆ ಮೊದಲು ಅದನ್ನು ಹೊರಗಿನ ಕಂಬದಿಂದ ಸಂಪೂರ್ಣವಾಗಿ ಬೇರ್ಪಡಿಸಬೇಕು; ಆ ಬಳಿಕವೇ ಅದರಲ್ಲಿ ಎಷ್ಟು ಜೋಡಿ ಎಳೆಗಳಿವೆ ಎಂಬ ಲೆಕ್ಕ.

ಅಗತ್ಯವೇನು?

ಹಳೆಯ ಮಲೆನಾಡು ಮನೆಗಳ ದಪ್ಪ ಮಣ್ಣಿನ ಗೋಡೆ ಹಾಗೂ ಜಂಬಿಟ್ಟಿಗೆಯ ಗೋಡೆಗಳನ್ನು ದಾಟುವಲ್ಲಿ ವೈ-ಫೈ ಸಂಕೇತ ಸೊರಗುತ್ತದೆ. ಜಗಲಿಯಲ್ಲಿರುವ ರೌಟರ್‌ನ ಸಂಕೇತ ಹಿಂಬದಿಯ ಕೋಣೆಗೆ ತಲುಪದಿರುವುದು ಸಾಮಾನ್ಯ. 2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಹಲವೆಡೆ ವಿದ್ಯಾರ್ಥಿಗಳು ಸಂಕೇತ ಹುಡುಕುತ್ತ ಗುಡ್ಡ ಏರಬೇಕಾಯಿತು. ಅಂತರ್ಜಾಲ ಮನೆಬಾಗಿಲಿಗೆ ಬಂದ ಮೇಲೂ ಓದುವ ಕೋಣೆಗೆ ತಲುಪದಿದ್ದರೆ ಪ್ರಯೋಜನ ಅರ್ಧವೇ. ಹಳೆಯ ತಂತಿ ಅಂತರ್ಜಾಲವನ್ನು ತರುವುದಿಲ್ಲ. ಬಂದದ್ದನ್ನು ಮನೆಯೊಳಗೆ ಹಂಚುತ್ತದೆ ಎಂಬುದನ್ನು ನೆನಪಿಡಬೇಕು.

ಕಲ್ಪನೆ ಹೊಸದಲ್ಲ

ದೂರವಾಣಿ ತಂತಿಯಲ್ಲಿ ಗಣಕ ಜಾಲವೆಂಬುದು ಬಡವರ ಉಪಾಯವಲ್ಲ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಈಥರ್‌ನೆಟ್‌ನ ಚರಿತ್ರೆಯಲ್ಲೇ ಅದು ಸೇರಿದೆ. ಕಚೇರಿಗಳಲ್ಲಿ ಆಗಲೇ ಇದ್ದ ದೂರವಾಣಿ ತಂತಿಯನ್ನು ಬಳಸುವ, ಸೆಕೆಂಡಿಗೆ 1 ಮೆಗಾಬಿಟ್ ವೇಗದ ಸ್ಟಾರ್‌ಲ್ಯಾನ್ 1980ರ ದಶಕದಲ್ಲಿ ಬಂದಿತು. 1990ರಲ್ಲಿ ಮಾನಕವಾದ 10ಬೇಸ್-ಟಿ ವಿಧಾನವು ದೂರವಾಣಿ ದರ್ಜೆಯ ಎರಡು ಜೋಡಿ ಹೆಣೆದ ತಂತಿಯಲ್ಲಿ 100 ಮೀಟರ್‌ವರೆಗೆ 10 ಮೆಗಾಬಿಟ್ ವೇಗ ನೀಡಿತು.

ಮನೆಗಳಿಗಾಗಿಯೇ ಹೋಮ್‌ಪಿಎನ್‌ಎ ಎಂಬ ಒಕ್ಕೂಟ 1998ರಲ್ಲಿ ಹುಟ್ಟಿತು. ಅದರ ಮೊದಲ ಆವೃತ್ತಿ 1 ಮೆಗಾಬಿಟ್, ಎರಡನೆಯದು 10 ಮೆಗಾಬಿಟ್ ವೇಗದ್ದು. ಮಾತಿಗೆ ಬೇಕಾದುದು 300ರಿಂದ 3400 ಹರ್ಟ್ಸ್ ಮಾತ್ರ. ಬ್ರಾಡ್‌ಬ್ಯಾಂಡ್‌ನ ಎಡಿಎಸ್‌ಎಲ್ ಬಳಸುವುದು ಸುಮಾರು 1.1 ಮೆಗಾಹರ್ಟ್ಸ್‌ವರೆಗೆ, ಎಡಿಎಸ್‌ಎಲ್2+ ಆದರೆ 2.2 ಮೆಗಾಹರ್ಟ್ಸ್‌ವರೆಗೆ. ಹೋಮ್‌ಪಿಎನ್‌ಎ 4 ಮೆಗಾಹರ್ಟ್ಸ್‌ಗಿಂತ ಮೇಲಿನ ಪಟ್ಟಿಯಲ್ಲಿ ಸಾಗಿದ್ದರಿಂದ ಒಂದೇ ತಂತಿಯಲ್ಲಿ ಮೂರೂ ನಡೆಯುತ್ತಿದ್ದವು. ವೈ-ಫೈ ಅಗ್ಗವಾದಂತೆ ಈ ಉಪಕರಣಗಳು ಹಿನ್ನೆಲೆಗೆ ಸರಿದವು. 2013ರಲ್ಲಿ ಒಕ್ಕೂಟವು ಹೋಮ್‌ಗ್ರಿಡ್ ಫೋರಂನಲ್ಲಿ ವಿಲೀನಗೊಂಡಿತು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2010ರಲ್ಲಿ ಅಂಗೀಕರಿಸಿದ ಜಿ.ಎಚ್‌ಎನ್ ಎಂಬ ಮಾನಕ ಈಗ ಆ ಸ್ಥಾನದಲ್ಲಿದೆ.

ತಂತಿ ಬಿಡುವಾದ ಬಗೆ

ಭಾರತ ಸಂಚಾರ ನಿಗಮ 2000ದ ಅಕ್ಟೋಬರ್ 1ರಂದು ಅಸ್ತಿತ್ವಕ್ಕೆ ಬಂದಾಗ ಸಣ್ಣ ಪಟ್ಟಣಗಳಲ್ಲಿ ಸಂಪರ್ಕವೆಂದರೆ ತಾಮ್ರದ ಜೋಡಿ ತಂತಿಯೇ. 2004ರ ಬ್ರಾಡ್‌ಬ್ಯಾಂಡ್ ನೀತಿಯು 256 ಕಿಲೋಬಿಟ್ ವೇಗವನ್ನು ಬ್ರಾಡ್‌ಬ್ಯಾಂಡ್ ಎಂದು ಗುರುತಿಸಿತು. 2005ರ ಜನವರಿಯಲ್ಲಿ ನಿಗಮವು ಡೇಟಾಒನ್ ಸೇವೆ ಆರಂಭಿಸಿ ಅದೇ ತಂತಿಯಲ್ಲಿ ಅಂತರ್ಜಾಲವನ್ನೂ ಹರಿಸಿತು. ಮುಂದೆ ಮೊಬೈಲ್ ಫೋನು ದೂರವಾಣಿಯ ಸ್ಥಾನವನ್ನೂ, ಆಪ್ಟಿಕಲ್ ಫೈಬರ್ ಅಂತರ್ಜಾಲದ ಸ್ಥಾನವನ್ನೂ ಪಡೆದವು. ಫೈಬರ್ ಸಂಪರ್ಕ ಪಡೆದ ಮನೆಗಳಲ್ಲಿ ಒಳಗಿನ ತಾಮ್ರಕ್ಕೆ ಈಗ ಕೆಲಸವಿಲ್ಲ. ಮರುಬಳಕೆಗೆ ಇದೇ ಅವಕಾಶ.

ಮೊದಲು ಹೊರಗಿನ ಸಂಪರ್ಕ ಕಡಿಯಬೇಕು

ಚಾಲ್ತಿಯಲ್ಲಿರುವ ದೂರವಾಣಿ ತಂತಿಯಲ್ಲಿ ವಿನಿಮಯ ಕೇಂದ್ರದಿಂದ ಬರುವ 48 ವೋಲ್ಟ್ ನೇರ ವಿದ್ಯುತ್ತು ಸದಾ ಇರುತ್ತದೆ. ಗಂಟೆ ಬಾರಿಸುವಾಗ ಅದರ ಮೇಲೆ ಸುಮಾರು 75 ವೋಲ್ಟ್ ಪರ್ಯಾಯ ವಿದ್ಯುತ್ತು ಹರಿಯುತ್ತದೆ. ಗಣಕಯಂತ್ರದ ಜಾಲದ ಕಿಂಡಿ ಇದಕ್ಕಾಗಿ ರೂಪುಗೊಂಡದ್ದಲ್ಲ. ಫೈಬರ್ ಪೆಟ್ಟಿಗೆಯ ದೂರವಾಣಿ ಕಿಂಡಿಯಿಂದ ಹಳೆಯ ತಂತಿಗೆ ಮಾತಿನ ಸಂಪರ್ಕ ಕೊಡುವವರಿಗೂ ಈ ಎಚ್ಚರ ಅನ್ವಯಿಸುತ್ತದೆ: ಎರಡು ಕಡೆಯ ವಿದ್ಯುತ್ತು ಒಂದೇ ತಂತಿಯಲ್ಲಿ ಸೇರಿದರೆ ಪೆಟ್ಟಿಗೆ ಕೆಡಬಹುದು.

ಮಲೆನಾಡಿನಲ್ಲಿ ಇದಕ್ಕಿಂತ ದೊಡ್ಡ ಭಯ ಸಿಡಿಲಿನದು. ಮುಂಗಾರಿಗೆ ಮೊದಲಿನ ಗುಡುಗು ಮಳೆಯಲ್ಲಿ ಕಂಬದಿಂದ ಮನೆಗೆ ತೂಗುವ ತಂತಿಯು ಸಿಡಿಲಿನ ವಿದ್ಯುದಾಘಾತವನ್ನು ನೇರವಾಗಿ ಒಳಗೆ ತರಬಲ್ಲದು. ಆದ್ದರಿಂದ ಮನೆಯ ಮೊದಲ ರೋಸೆಟ್ ಪೆಟ್ಟಿಗೆಯಲ್ಲೇ ಹೊರಗಿನ ಎರಡೂ ಎಳೆಗಳನ್ನು ಒಳಗಿನ ತಂತಿಯಿಂದ ಬಿಡಿಸಬೇಕು. ಸಂಪರ್ಕ ಇನ್ನೂ ಹೆಸರಿನಲ್ಲಿದ್ದರೆ ಮೊದಲು ಅದನ್ನು ಕಚೇರಿಗೆ ಹಿಂದಿರುಗಿಸಿ, ಹೊರಗಿನ ತಂತಿ ತೆಗೆಯುವ ಕೆಲಸವನ್ನು ಲೈನ್‌ಮನ್‌ಗೆ ಬಿಡುವುದೇ ಸೂಕ್ತ. ಫೈಬರ್‌ನ ಗಾಜು ಸಿಡಿಲನ್ನು ಒಯ್ಯದು; ಆದರೆ ಕೆಲವು ಫೈಬರ್ ಕೇಬಲ್‌ಗಳಿಗೆ ಆಧಾರವಾಗಿ ಉಕ್ಕಿನ ತಂತಿ ಇರುತ್ತದೆ. ಅದು ಗೋಡೆಯ ಹೊರಗೇ ಕೊನೆಗೊಳ್ಳಬೇಕು.

ಎಣಿಕೆ ಮತ್ತು ಪರೀಕ್ಷೆ

ಪೆಟ್ಟಿಗೆ ತೆರೆದರೆ ಎರಡು ಅಥವಾ ನಾಲ್ಕು ಎಳೆಗಳು ಕಾಣಸಿಗುವುದು ಸಾಮಾನ್ಯ. ಬಣ್ಣವನ್ನು ನಂಬದೆ, ಯಾವ ಎಳೆ ಯಾವುದರೊಡನೆ ಹೆಣೆದಿದೆ ಎಂಬುದನ್ನು ನೋಡಿ ಜೋಡಿ ಗುರುತಿಸಬೇಕು. ಒಂದರ ಸಂಕೇತ ಮತ್ತೊಂದಕ್ಕೆ ಸೋರದಂತೆ ತಡೆಯುವುದು ಈ ಹೆಣಿಗೆಯೇ. ಹೆಣಿಗೆಯಿಲ್ಲದ ಚಪ್ಪಟೆ ತಂತಿಯಿಂದ ಹೆಚ್ಚಿನ ನಿರೀಕ್ಷೆ ಸಲ್ಲದು.

ಬಳಿಕ ಒಂದು ತುದಿಯ ಎರಡು ಎಳೆಗಳನ್ನು ಒಂದಕ್ಕೊಂದು ತಿರುಚಿ, ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್‌ನಿಂದ ಅಳೆಯಬೇಕು. ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ತಂತಿ 20 ಮೀಟರ್ ಉದ್ದವಿದ್ದರೆ ಹೋಗಿಬರುವ ದಾರಿಯ ರೋಧ ಸುಮಾರು ಮೂರೂವರೆ ಓಂ. ಇದಕ್ಕಿಂತ ಬಹಳ ಹೆಚ್ಚು ತೋರಿಸಿದರೆ ನಡುವೆ ಎಲ್ಲೋ ಬೆಸುಗೆಯಿಲ್ಲದ ಜೋಡಣೆಯೊಂದು ಕಿಲುಬು ಹಿಡಿದಿದೆ ಎಂದರ್ಥ. ತಿರುಚಿದ್ದನ್ನು ಬಿಚ್ಚಿದಾಗ ಎಳೆಗಳ ನಡುವೆ ಯಾವ ಸಂಪರ್ಕವೂ ಕಾಣಬಾರದು. ಗೋಡೆ ತೇವ ಹೀರುವ ಮಳೆಗಾಲದಲ್ಲಿ ಮತ್ತೊಮ್ಮೆ ಪರೀಕ್ಷಿಸುವುದು ಒಳಿತು. ಬೇಸಿಗೆಯಲ್ಲಿ ತೇರ್ಗಡೆಯಾದ ತಂತಿ ಆಷಾಢದಲ್ಲಿ ಕೈಕೊಡಬಹುದು.

ಎರಡು ಜೋಡಿ ಇದ್ದರೆ

ಎರಡು ಜೋಡಿ ಹೆಣೆದ ತಂತಿಯಿದ್ದರೆ ನೇರವಾಗಿ ಈಥರ್‌ನೆಟ್ ನಡೆಸಬಹುದು. ಎಂಟು ಕಾಲಿನ ಆರ್‌ಜೆ-45 ಕಿಂಡಿಯಲ್ಲಿ ಒಂದು ಜೋಡಿಯನ್ನು 1 ಮತ್ತು 2ನೇ ಕಾಲಿಗೆ, ಇನ್ನೊಂದನ್ನು 3 ಮತ್ತು 6ನೇ ಕಾಲಿಗೆ ಕೂಡಿಸಬೇಕು. ದೂರವಾಣಿಯ ಆರ್‌ಜೆ-11 ಕಿಂಡಿ ಇದಕ್ಕಿಂತ ಕಿರಿದು, ಅದನ್ನು ಬದಲಿಸಲೇಬೇಕು. ದೂರವಾಣಿಗೆ ಒಂದೇ ತಂತಿಯಿಂದ ಹಲವು ಕವಲು ತೆಗೆದರೂ ನಡೆಯುತ್ತಿತ್ತು. ಈಥರ್‌ನೆಟ್‌ಗೆ ಕವಲು ಸಲ್ಲದು: ಒಂದು ತುದಿ, ಇನ್ನೊಂದು ತುದಿ, ಅಷ್ಟೇ. ನಡುವಿನ ಕವಲುಗಳನ್ನೆಲ್ಲ ಬಿಡಿಸಬೇಕು.

ದೂರವಾಣಿ ದರ್ಜೆಯ ತಂತಿಯಲ್ಲಿ ಭರವಸೆ ಇಡಬಹುದಾದ ವೇಗ 10 ಮೆಗಾಬಿಟ್. ಕೆಲವೇ ಮೀಟರ್‌ಗಳ ಉತ್ತಮ ತಂತಿಯಲ್ಲಿ 100 ಮೆಗಾಬಿಟ್ ಕೂಡ ನಡೆಯಬಹುದು. ಆದರೆ ಆ ವೇಗಕ್ಕೆ ಮಾನಕ ಕೇಳುವುದು ಕ್ಯಾಟ್-5 ದರ್ಜೆಯನ್ನು. ಇಲ್ಲಿ ಒಂದು ತೊಡಕು ಅನೇಕರನ್ನು ಕಂಗೆಡಿಸುತ್ತದೆ. ಇಂದಿನ ಉಪಕರಣಗಳು ಗಿಗಾಬಿಟ್ ವೇಗದವು. ಆ ವೇಗಕ್ಕೆ ನಾಲ್ಕು ಜೋಡಿ ಬೇಕು. ಎರಡು ಉಪಕರಣಗಳು ತಮ್ಮ ವೇಗ ನಿರ್ಧರಿಸಿಕೊಳ್ಳುವ ಮಾತುಕತೆ ಮಾತ್ರ ಎರಡೇ ಜೋಡಿಯಲ್ಲಿ ನಡೆಯುತ್ತದೆ. ಹೀಗಾಗಿ ಅವು ಗಿಗಾಬಿಟ್‌ಗೆ ಒಪ್ಪಿ, ಬಳಿಕ ಸಂಪರ್ಕವೇ ಸಿಗದೆ ಒದ್ದಾಡಬಹುದು. ಗಣಕಯಂತ್ರದ ಸಿದ್ಧತೆಯಲ್ಲಿ ವೇಗವನ್ನು 10 ಅಥವಾ 100 ಮೆಗಾಬಿಟ್‌ಗೆ ಇಳಿಸಿದರೆ ತೊಂದರೆ ನೀಗುತ್ತದೆ.

ಒಂದೇ ಜೋಡಿ ಇದ್ದರೆ

ಎರಡೇ ಎಳೆಗಳಿರುವ ಮನೆಗಳಲ್ಲಿ ಸಾಮಾನ್ಯ ಈಥರ್‌ನೆಟ್ ನೇರವಾಗಿ ನಡೆಯದು. ತಂತಿಯ ಎರಡೂ ತುದಿಗೆ ಒಂದೊಂದು ಪರಿವರ್ತಕ ಬೇಕಾಗುತ್ತದೆ. ವಿಡಿಎಸ್‌ಎಲ್2 ತಂತ್ರದ ಈಥರ್‌ನೆಟ್ ಎಕ್ಸ್‌ಟೆಂಡರ್ ಮತ್ತು ದೂರವಾಣಿ ತಂತಿಗಾಗಿಯೇ ಮಾಡಿದ ಜಿ.ಎಚ್‌ಎನ್ ಅಡಾಪ್ಟರ್ ಇದಕ್ಕೆ ಒದಗುತ್ತವೆ. ಖರೀದಿಗೆ ಮುನ್ನ ಹೊಸ ಕ್ಯಾಟ್-6 ಕೇಬಲ್‌ನ ಖರ್ಚಿನೊಡನೆ ಹೋಲಿಸಿ ನೋಡಬೇಕು. ಗೋಡೆ ಒಡೆಯದೆ ಹೊಸ ಕೇಬಲ್ ಎಳೆಯಬಹುದಾದಲ್ಲಿ ಪರಿವರ್ತಕಕ್ಕೆ ಹಣ ಹಾಕುವುದರಲ್ಲಿ ಅರ್ಥವಿಲ್ಲ.

ತಂತಿ ಪಿವಿಸಿ ಕೊಳವೆಯೊಳಗೆ ಹಾದುಹೋಗಿದ್ದರೆ ಇನ್ನೂ ಉತ್ತಮ ಉಪಾಯವಿದೆ. ಹಳೆಯ ತಂತಿಯ ತುದಿಗೆ ಹೊಸ ಕೇಬಲನ್ನು ಬಿಗಿಯಾಗಿ ಕಟ್ಟಿ ಇನ್ನೊಂದು ತುದಿಯಿಂದ ಎಳೆದರೆ ಹಳೆಯದು ಹೊರಬರುತ್ತದೆ, ಹೊಸದು ಒಳಸೇರುತ್ತದೆ. ಮೊಳೆ ಹೊಡೆದು ಮರದ ತೊಲೆ, ಬಾಗಿಲ ಚೌಕಟ್ಟಿನ ಮೇಲೆ ಕೂರಿಸಿದ ತಂತಿಗೆ ಈ ಉಪಾಯ ನಡೆಯದು.

ಮಾಡಬಾರದ್ದು

ಮನೆಯಿಂದ ಅಡಿಕೆ ಸುಲಿಯುವ ಚಪ್ಪರಕ್ಕೋ ಕೊಟ್ಟಿಗೆಗೋ ಬಯಲಿನಲ್ಲಿ ಹಾದುಹೋದ ದೂರವಾಣಿ ತಂತಿಯನ್ನು ಜಾಲಕ್ಕೆ ಬಳಸಬಾರದು. ಎರಡು ಕಟ್ಟಡಗಳ ನಡುವಿನ ತಾಮ್ರ ಸಿಡಿಲಿಗೆ ಹಾಕಿದ ಸೇತುವೆ ಇದ್ದಂತೆ. ಅಲ್ಲಿಗೆ ಲೋಹವಿಲ್ಲದ ಫೈಬರ್ ಯೋಗ್ಯ. ಕ್ಯಾಮೆರಾ ಮುಂತಾದವುಗಳಿಗೆ ಜಾಲದ ಕೇಬಲ್ ಮೂಲಕವೇ ವಿದ್ಯುತ್ ಕಳಿಸುವ ವ್ಯವಸ್ಥೆಗೂ ಕಿಲುಬು ಹಿಡಿದ ಹಳೆಯ ತಂತಿ ತಕ್ಕದ್ದಲ್ಲ. ಮನೆಯ 230 ವೋಲ್ಟ್ ವಿದ್ಯುತ್ ತಂತಿಯೊಡನೆ ಒಂದೇ ಕೊಳವೆಯಲ್ಲಿ ಸಾಗಿದ ದೂರವಾಣಿ ತಂತಿಯನ್ನು ಹಾಗೆಯೇ ಬಿಡುವುದು ಲೇಸು.

ಈ ಮಿತಿಗಳೊಳಗೆ ನೋಡಿದರೆ, ಹಿಂಬದಿಯ ಕೋಣೆಯಲ್ಲಿ ಓದುವ ಒಬ್ಬ ವಿದ್ಯಾರ್ಥಿಯ ದೃಶ್ಯ ಪಾಠಕ್ಕೆ 10 ಮೆಗಾಬಿಟ್ ಸಾಕು. ತಂತಿಯ ಕೊನೆಯಲ್ಲಿ ಚಿಕ್ಕ ವೈ-ಫೈ ಪೆಟ್ಟಿಗೆಯೊಂದನ್ನು ಇರಿಸಿದರೆ ಆ ಭಾಗದ ಮೊಬೈಲ್ ಫೋನುಗಳಿಗೂ ಸಂಪರ್ಕ ಸಿಗುತ್ತದೆ.